'ಓನ್ಲಿ' ಪದದ ಸರಿ-ತಪ್ಪು ಮತ್ತು ಕನ್ನಡದ ಅವಧಾರಣೆ

ಕನ್ನಡ ಮಾಧ್ಯಮದಲ್ಲಿ ಓದಿಬಂದ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಮಾಡುವರೆನ್ನಲಾದ ತಪ್ಪುಗಳ ಯಾವ ಪಟ್ಟಿಯನ್ನು ತೆಗೆದುಕೊಂಡರೂ ಅದರಲ್ಲಿ 'ಓನ್ಲಿ' ಎಂಬ ಪದಕ್ಕೆ ಒಂದು ಸ್ಥಾನ ಮೀಸಲಾಗಿರುತ್ತದೆ. 'ಐ ಆ್ಯಮ್ ಹಿಯರ್ ಓನ್ಲಿ', 'ಹಿ ಟೋಲ್ಡ್ ಮಿ ಓನ್ಲಿ' ಮೊದಲಾದ ವಾಕ್ಯಗಳನ್ನು ಎತ್ತಿ ಆಡಿ ನಗುವುದು ಇಂಗ್ಲಿಷ್ ತರಗತಿಗಳಲ್ಲಿ, ಸಂದರ್ಶನದ ಕೊಠಡಿಗಳಲ್ಲಿ, ಹಾಸ್ಯ ಕಾರ್ಯಕ್ರಮಗಳ ವೇದಿಕೆಗಳಲ್ಲಿ ರೂಢಿಯಾಗಿದೆ. ಆ ಪದ ವಾಕ್ಯದ ಆ ಜಾಗಕ್ಕೆ ಹೇಗೆ ಬಂತೆಂಬುದು ನಗುವವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ನಗೆಗೆ ಗುರಿಯಾದವನಿಗೂ ತಿಳಿದಿರುವುದಿಲ್ಲ. ತಿಳಿಸಿಕೊಡಬಲ್ಲವರು ಕನ್ನಡ ವ್ಯಾಕರಣವನ್ನು ಅಭ್ಯಾಸ ಮಾಡಿದವರು. ಆದರೆ ಇಂಗ್ಲಿಷ್ ಪದವೊಂದರ ಸರಿ-ತಪ್ಪು ಕನ್ನಡ ವಿಭಾಗಗಳಿಗೆ ಸಂಬಂಧಿಸಿದ್ದಲ್ಲವೆಂದು ನಾವು ಭಾವಿಸಿಕೊಂಡು ಬಂದಿದ್ದೇವೆ. ಈ ಭಾವನೆಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾರಂಭಿಸಲಾಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ಕ್ರಮವೂ ಬಂತು. ಈ ನಿರ್ಧಾರಗಳ ಪರ-ವಿರೋಧವಾಗಿ ನಮ್ಮಲ್ಲಿ ಸಾಕಷ್ಟು ಬರೆಹಗಳು ಬಂದಿವೆ. ಇಂಗ್ಲಿಷ್ ಬೇಕೇ ಬೇಡವೇ, ಎಂದಿನಿಂದ ಬೇಕು ಎಂಬ ಚರ್ಚೆ ನಡೆದಷ್ಟು ತೀವ್ರವಾಗಿ, ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷನ್ನು ಕಲಿಸುವಾಗ ಆ ಮಗು ಬಲ್ಲ ಕನ್ನಡವನ್ನು ಏನು ಮಾಡಬೇಕು ಎಂಬ ಚರ್ಚೆ ನಡೆಯಲಿಲ್ಲ. ಬೆಂಗಳೂರಿನ ಕಾಲ್ ಸೆಂಟರುಗಳು ತರಬೇತಿಯ ಭಾಗವಾಗಿ ಜನಪ್ರಿಯಗೊಳಿಸಿದ 'ಮದರ್ ಟಂಗ್ ಇನ್‌ಫ್ಲುಯೆನ್ಸ್' ಎಂಬ ಮಾತು ಈ ಶೂನ್ಯವನ್ನು ತುಂಬಿತು. ತಾಯ್ನುಡಿಯ ಪ್ರಭಾವವೆಂದರೆ ತೊಡೆದುಹಾಕಬೇಕಾದ ಕಲೆ ಎಂಬ ಅರ್ಥದಲ್ಲಿ ಆ ಮಾತು ಇಂದು ಕಾಲೇಜುಗಳ ಶಿಕ್ಷಕರ ಬಾಯಲ್ಲೂ ಸಲೀಸಾಗಿ ಓಡಾಡುತ್ತಿದೆ. ಶೀತವೋ ಕೆಮ್ಮೋ ಎಂಬಂತೆ 'ಇವನಿಗೆ ಎಂಟಿಐ ಇದೆ' ಎಂದು ಹೇಳುವುದನ್ನು ನಾನು ಕೇಳಿದ್ದೇನೆ.

ಈಗ ವ್ಯಾಕರಣದ ವಿಷಯಕ್ಕೆ ಬರೋಣ. 'ಇಲ್ಲೇ', 'ನಾನೇ', 'ಅದೇ' ಮುಂತಾದ ರೂಪಗಳಲ್ಲಿರುವ 'ಏ'ಯನ್ನು ನಮ್ಮ ಶಾಲಾ ವ್ಯಾಕರಣಗಳು ಅವಧಾರಣಾರ್ಥಕಾವ್ಯಯವೆಂದು ಕರೆಯುತ್ತವೆ. ಹಲವು ವಸ್ತುಗಳಲ್ಲಿ ಒಂದನ್ನು ನಿಶ್ಚಯಿಸಿ ಹೇಳುವುದು ಅವಧಾರಣೆ ಎಂದು ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಒಂದು ಅಂಕ ಪಡೆಯುತ್ತಾನೆ. ಅಲ್ಲಿಗೆ ಅದರ ಕೆಲಸ ಮುಗಿಯುತ್ತದೆ. ವಾಸ್ತವದಲ್ಲಿ ಕನ್ನಡ ವಾಕ್ಯದಲ್ಲಿ ಈ ಒಂದಕ್ಷರ ಮಾಡುವಷ್ಟು ಕೆಲಸವನ್ನು ಮಾಡುವ ಅವ್ಯಯಗಳು ಕಡಿಮೆ. 'ರಾಮ ನಿನ್ನೆ ಮೈಸೂರಿನಲ್ಲಿ ಪುಸ್ತಕ ಕೊಂಡ' ಎಂಬ ಸಾಮಾನ್ಯ ವಾಕ್ಯವನ್ನು ನೋಡಬಹುದು. 'ರಾಮನೇ' ಎಂದರೆ ಕೊಂಡವನು ಬೇರೆಯವನಲ್ಲ. 'ನಿನ್ನೆಯೇ' ಎಂದರೆ ಇಂದಿನವರೆಗೆ ಕಾಯಲಿಲ್ಲ. 'ಮೈಸೂರಿನಲ್ಲೇ' ಎಂದರೆ ಬೆಂಗಳೂರಿನವರೆಗೆ ಹೋಗಬೇಕಾಗಿ ಬರಲಿಲ್ಲ. 'ಪುಸ್ತಕವನ್ನೇ' ಎಂದರೆ ಓದಿ ಹಿಂದಿರುಗಿಸಬಹುದೆಂದು ಎರವಲು ತರಲಿಲ್ಲ, ಅಥವಾ ನೆರಳಚ್ಚು ಮಾಡಿಸಲಿಲ್ಲ. 'ಕೊಂಡೇಬಿಟ್ಟ' ಎಂದರೆ ಬಹಳ ದಿನ ಹಿಂದುಮುಂದು ನೋಡುತ್ತಿದ್ದವನು ಕೊನೆಗೆ ಮಾಡಿದ. ಅಂಟಿಕೊಂಡ ಪದ ಬದಲಾದಂತೆ 'ಏ' ತನ್ನ ಒತ್ತನ್ನು ಬದಲಿಸುವುದರ ಜೊತೆಗೆ, ಕೇಳುವವನ ಮನಸ್ಸಿನಲ್ಲಿದ್ದ ಯಾವ ನಿರೀಕ್ಷೆಯನ್ನು ಅಲ್ಲಗಳೆಯಲಾಗುತ್ತಿದೆ ಎಂಬುದನ್ನೂ ತಿಳಿಸುತ್ತದೆ.

ಇಂಗ್ಲಿಷಿನಲ್ಲಿ ಈ ಎಲ್ಲ ಕೆಲಸಗಳಿಗೆ ಒಂದೇ ಪದವಿಲ್ಲ. 'ನಾನೇ ಮಾಡಿದೆ' ಎಂಬಲ್ಲಿ 'ಮೈಸೆಲ್ಫ್' ಬೇಕು. 'ಇದೇ ಮನೆ' ಎಂಬಲ್ಲಿ 'ವೆರಿ' ಅಥವಾ 'ಸೇಮ್' ಬೇಕು. 'ಇಲ್ಲೇ', 'ಈಗಲೇ' ಎಂಬಲ್ಲಿ 'ರೈಟ್' ಎಂಬುದನ್ನು ಹಿಂದೆ ಸೇರಿಸಬೇಕು. 'ಬರಲೇ ಇಲ್ಲ' ಎಂಬಲ್ಲಿ 'ಅಟ್ ಆಲ್' ಬೇಕು. ಇನ್ನು ಕೆಲವೆಡೆ ಪದವೇ ಬೇಡ, ದನಿಯನ್ನು ಏರಿಸಿದರೆ ಸಾಕು. ಬರೆಹದಲ್ಲಾದರೆ ವಾಕ್ಯದ ರಚನೆಯನ್ನೇ ಬದಲಿಸಿ 'ಇಟ್ ವಾಸ್' ಎಂದು ಆರಂಭಿಸಬೇಕು. ನಮ್ಮ ವಿದ್ಯಾರ್ಥಿಗೆ ಇಷ್ಟೊಂದು ಬಾಗಿಲುಗಳಿವೆಯೆಂದು ಯಾರೂ ಹೇಳಿರುವುದಿಲ್ಲ. ಅವನಿಗೆ 'ಓನ್ಲಿ' ಎಂದರೆ 'ಮಾತ್ರ', 'ಏ' ಎಂದಷ್ಟೇ ಹೇಳಿಕೊಡಲಾಗಿದೆ. ಆದ್ದರಿಂದ ಎಲ್ಲಿ 'ಏ' ಬರುತ್ತದೆಯೋ ಅಲ್ಲೆಲ್ಲ ಅವನು 'ಓನ್ಲಿ'ಯನ್ನು ಇಡುತ್ತಾನೆ. ಕನ್ನಡದಲ್ಲಿ 'ಏ' ಪದದ ಹಿಂದೆ ಬರುವುದಿಲ್ಲ, ಕೊನೆಯಲ್ಲಿ ಅಂಟುತ್ತದೆ. ಹಾಗಾಗಿ 'ಓನ್ಲಿ'ಯೂ ಕೊನೆಗೆ ಬಂದು ನಿಲ್ಲುತ್ತದೆ. ಇದು ಅಜಾಗ್ರತೆಯಿಂದ ಆದ ತಪ್ಪಲ್ಲ. ಒಂದು ಭಾಷೆಯ ನಿಯಮವನ್ನು ಇನ್ನೊಂದರಲ್ಲಿ ಶಿಸ್ತಿನಿಂದ ಪಾಲಿಸಿದ್ದರ ಫಲ.

ಇದು ಕನ್ನಡಿಗರಿಗಷ್ಟೇ ಸೀಮಿತವೂ ಅಲ್ಲ. ಹಿಂದಿಯ 'ಹೀ', ಮರಾಠಿಯ 'ಚ', ತಮಿಳಿನ 'ತಾನ್', ಮಲಯಾಳದ 'ತನ್ನೆ' ಇವೆಲ್ಲವೂ ಪದದ ಅನಂತರ ಬಂದು ಹೆಚ್ಚುಕಡಿಮೆ ಇದೇ ಕೆಲಸವನ್ನು ಮಾಡುತ್ತವೆ. ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದವರು ಇಂಗ್ಲಿಷಿಗೆ ಬಂದಾಗ ಒಂದೇ ರೀತಿ ಮಾತನಾಡುವುದಕ್ಕೆ ಇದು ಕಾರಣ. ಬ್ರಜ್ ಕಚ್ರು ಅವರು 1983ರ ತಮ್ಮ 'ದಿ ಇಂಡಿಯನೈಸೇಶನ್ ಆಫ್ ಇಂಗ್ಲಿಷ್' ಕೃತಿಯಲ್ಲಿ ಭಾರತೀಯ ಇಂಗ್ಲಿಷನ್ನು ತಪ್ಪುಗಳ ಮೊತ್ತವೆಂದು ನೋಡದೆ ಒಂದು ಪ್ರಭೇದವೆಂದು ನೋಡುವ ದಾರಿಯನ್ನು ತೋರಿಸಿದ ಮೇಲೆ, ಭಾರತೀಯರ 'ಓನ್ಲಿ'ಯನ್ನು ಕುರಿತು ಭಾಷಾವಿಜ್ಞಾನಿಗಳು ಗಂಭೀರವಾಗಿಯೇ ಬರೆದಿದ್ದಾರೆ. ಕ್ಲೌಡಿಯಾ ಲಾಂಗೆ ಅವರು 2007ರಲ್ಲಿ 'ಓನ್ಲಿ' ಮತ್ತು 'ಇಟ್‌ಸೆಲ್ಫ್' ಎಂಬ ಎರಡು ಪದಗಳ ಭಾರತೀಯ ಬಳಕೆಯನ್ನೇ ವಸ್ತುವಾಗಿಸಿಕೊಂಡು ಪ್ರಬಂಧ ಬರೆದರು. ಅವಧಾರಣೆಯನ್ನು ಹುಟ್ಟಿನಿಂದ ಆಡಿಕೊಂಡು ಬಂದ ನಾವು ಸುಮ್ಮನಿದ್ದೇವೆ.

ವಾಕ್ಯದ ಕೊನೆಗೆ 'ಓನ್ಲಿ' ಬರುವುದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರುತ್ತದೆ. ಇದನ್ನು ಕುರಿತ ಚರ್ಚೆಯನ್ನು ನಾನು ಎಲ್ಲಿಯೂ ನೋಡಿಲ್ಲ. ಸಣ್ಣ ಊರಿನ ವಿದ್ಯಾರ್ಥಿಯ ಕಣ್ಣಿಗೆ ದಿನನಿತ್ಯ ಬೀಳುವ ಇಂಗ್ಲಿಷಾದರೂ ಯಾವುದು? ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ 'ಓನ್ಲಿ' ಎಂದು ಬರೆಯಲಾಗುತ್ತದೆ. ಅರ್ಜಿ ನಮೂನೆಯ ಕೆಳಗೆ 'ಫಾರ್ ಆಫೀಸ್ ಯೂಸ್ ಓನ್ಲಿ' ಎಂದಿರುತ್ತದೆ. ಬಸ್ಸಿನಲ್ಲಿ, ರೈಲಿನಲ್ಲಿ 'ಲೇಡೀಸ್ ಓನ್ಲಿ' ಇರುತ್ತದೆ. ಇವೆಲ್ಲವೂ ನಿರ್ದುಷ್ಟವಾದ ಇಂಗ್ಲಿಷ್. ಇವೆಲ್ಲದರಲ್ಲೂ 'ಓನ್ಲಿ' ಕೊನೆಯಲ್ಲಿಯೇ ಇದೆ. ಫಲಕದ ಭಾಷೆಯ ನಿಯಮ ಬೇರೆ, ಮಾತಿನ ವಾಕ್ಯದ ನಿಯಮ ಬೇರೆ ಎಂಬುದನ್ನು ಕಲಿಸದಿದ್ದರೆ, ಕಂಡದ್ದನ್ನು ಕಂಡಂತೆ ಅನುಸರಿಸಿದ ವಿದ್ಯಾರ್ಥಿಯನ್ನು ದೂರುವುದು ನ್ಯಾಯವೆನಿಸದು.

'ಸರಿ' ಎಂದು ನಾವು ಎದುರಿಗಿಟ್ಟುಕೊಳ್ಳುವ ಇಂಗ್ಲಿಷಾದರೂ ಈ ಪದದ ವಿಷಯದಲ್ಲಿ ಜಗಳವಿಲ್ಲದ ಮನೆಯೇ? ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿಯೇ, 'ಓನ್ಲಿ' ತಾನು ವಿಶೇಷಿಸುವ ಪದದ ಪಕ್ಕದಲ್ಲಿರಬೇಕು, ಆದರೆ ಜನ ಅದನ್ನು ಕ್ರಿಯಾಪದದ ಹಿಂದೆ ಇಟ್ಟು ಮಾತನಾಡುತ್ತಾರೆ ಎಂಬ ಆಕ್ಷೇಪವಿದೆ. 1926ರಲ್ಲಿ ಫೌಲರ್ ತಮ್ಮ ಪ್ರಸಿದ್ಧ ಬಳಕೆಯ ಕೋಶದಲ್ಲಿ ಇದಕ್ಕೆ ವಿರುದ್ಧವಾಗಿ ನಿಂತು, ಅರ್ಥ ಕೆಡದಿದ್ದಲ್ಲಿ ಆಡುಮಾತಿನ ಸ್ಥಾನವೇ ಸಹಜವೆಂದು ವಾದಿಸಿದರು. ಎರಡು ಮತಗಳ ಅನುಯಾಯಿಗಳೂ ಇಂದಿಗೂ ಇದ್ದಾರೆ. ಇಂಗ್ಲಿಷ್ ತಾಯ್ನುಡಿಯವರು ಮಾತನಾಡುವಾಗ ಸ್ಥಾನದ ಗೊಂದಲವನ್ನು ದನಿಯ ಏರಿಳಿತ ಪರಿಹರಿಸುತ್ತದೆ. ಬರೆಯುವಾಗ ಅವರೂ ತಡವರಿಸುತ್ತಾರೆ. ಕನ್ನಡದ 'ಏ' ಪದಕ್ಕೇ ಅಂಟಿಕೊಳ್ಳುವುದರಿಂದ ಯಾವ ಪದಕ್ಕೆ ಅವಧಾರಣೆ ಎಂಬ ಸಂದೇಹ ನಮ್ಮಲ್ಲಿ ಹುಟ್ಟುವುದಿಲ್ಲ. ಹಾಗೆಂದು ಕನ್ನಡದಲ್ಲಿ ಎಲ್ಲವೂ ಸ್ಫಟಿಕದಷ್ಟು ಸ್ಪಷ್ಟವೆಂದು ಬೀಗಬೇಕಾದ್ದೂ ಇಲ್ಲ. 'ಅವನೊಬ್ಬನೇ ಬಂದ' ಎಂದಾಗ ಉಳಿದವರು ಬರಲಿಲ್ಲ ಎಂದರ್ಥವೋ, ಯಾರನ್ನೂ ಜೊತೆಗೆ ಕರೆತರಲಿಲ್ಲ ಎಂದರ್ಥವೋ ಸಂದರ್ಭವೇ ಹೇಳಬೇಕು. ಇಂಗ್ಲಿಷ್ ಇಲ್ಲಿ 'ಓನ್ಲಿ', 'ಅಲೋನ್' ಎಂದು ಎರಡನ್ನೂ ಬೇರ್ಪಡಿಸುತ್ತದೆ. ಸ್ವಾರಸ್ಯವೆಂದರೆ ಆ ಎರಡೂ ಪದಗಳ ಹೊಟ್ಟೆಯಲ್ಲಿ 'ಒನ್' ಅಡಗಿದೆ. ನಮ್ಮ 'ಒಬ್ಬನೇ', 'ಒಂದೇ'ಗಳಲ್ಲಿ ಅದು ಹೊರಗೇ ಕಾಣಿಸುತ್ತದೆ.

ಇಷ್ಟು ಹೇಳಿದ ಮೇಲೆ, ಭಾರತೀಯ 'ಓನ್ಲಿ'ಯ ಎಲ್ಲ ಬಳಕೆಯೂ ನಮ್ಮ ಹಕ್ಕು, ಯಾವುದನ್ನೂ ತಿದ್ದಬೇಕಾಗಿಲ್ಲ ಎಂದು ನಾನು ಹೇಳುತ್ತಿರುವೆನೆಂದು ಓದುಗರು ಭಾವಿಸಬಹುದು. ಹಾಗೆ ಹೇಳುವವರಿದ್ದಾರೆ. 1990ರ ದಶಕದಲ್ಲಿ ಸಂಗೀತದ ಟಿ.ವಿ. ವಾಹಿನಿಯೊಂದು 'ವಿ ಆರ್ ಲೈಕ್ ದಿಸ್ ಓನ್ಲಿ' ಎಂಬುದನ್ನು ತನ್ನ ಘೋಷಣೆಯಾಗಿ ಮೆರೆಸಿತು. ಮಹಾನಗರದ ಯುವಜನ ಅದನ್ನು ಆನಂದಿಸಿದರು. ಆದರೆ ಆ ಘೋಷಣೆಯನ್ನು ಆಡಿ ನಗುತ್ತಿದ್ದವರಿಗೆ 'ಸರಿಯಾದ' ಇಂಗ್ಲಿಷೂ ಬರುತ್ತಿತ್ತು. ಅವರಿಗೆ ಅದೊಂದು ವೇಷ. ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚಬಹುದಾದದ್ದು. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ 'ಕಾಂತಾಪುರ'ದಲ್ಲಿ ಕನ್ನಡ ಹೆಂಗಸೊಬ್ಬಳ ಮಾತಿನ ಲಯವನ್ನು ಇಂಗ್ಲಿಷಿಗೆ ಬಗ್ಗಿಸಿದಾಗ ಅದು ಶೈಲಿಯೆನಿಸಿತು. ಅದೇ ಕನ್ನಡದ ಬಾಗು ಉದ್ಯೋಗಕ್ಕಾಗಿ ಅರ್ಜಿ ಹಾಕಿದ ಹುಡುಗಿಯ ವಾಕ್ಯದಲ್ಲಿ ಕಂಡಾಗ ಅಜ್ಞಾನವೆನಿಸುತ್ತದೆ. ಆಯ್ಕೆಯಿದ್ದವರ ಬಳಕೆ ಬೇರೆ, ಆಯ್ಕೆಯಿಲ್ಲದವರ ಬಳಕೆ ಬೇರೆ. ಆಯ್ಕೆಯಿಲ್ಲದವರಿಗೆ 'ನೀನು ಹೇಳುವುದೂ ಒಂದು ಪ್ರಭೇದ' ಎಂದು ಸಮಾಧಾನ ಹೇಳಿ ಕೈತೊಳೆದುಕೊಳ್ಳುವುದು ಉದಾರತೆಯಂತೆ ಕಂಡರೂ ಅದರಿಂದ ಅವರಿಗೆ ಆಗುವ ಸಹಾಯ ಅಲ್ಪ.

ಹೀಗಾಗಿ ಬಳಕೆಗಳನ್ನು ವಿಂಗಡಿಸಿ ನೋಡುವುದು ಅಗತ್ಯ. 'ಐ ಆ್ಯಮ್ ಹಿಯರ್ ಓನ್ಲಿ' ಎಂಬುದನ್ನು ಕೇಳಿದ ಹೊರದೇಶದವನು ಒಂದು ಕ್ಷಣ ಹುಬ್ಬೇರಿಸಿಯಾನು, ಆದರೆ ಮೋಸಹೋಗುವುದಿಲ್ಲ. ಇಂಥವನ್ನು ಸಂದರ್ಶನಕ್ಕೋ ಔಪಚಾರಿಕ ಪತ್ರಕ್ಕೋ ಬೇಕಾದಾಗ ತಿದ್ದಿಕೊಳ್ಳಲು ಹೇಳಿಕೊಟ್ಟರೆ ಸಾಕು. ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನಲ್ಲಿ ಅವು ಇದ್ದರೆ ಯಾರಿಗೂ ನಷ್ಟವಿಲ್ಲ. ಅರ್ಥವನ್ನೇ ತಲೆಕೆಳಗು ಮಾಡುವ ಬಳಕೆಗಳ ವಿಷಯ ಹೀಗಲ್ಲ.

ಕಾಲವಾಚಕ ಪದಗಳನ್ನು ತೆಗೆದುಕೊಳ್ಳೋಣ. 'ಅರ್ಜಿಯನ್ನು ನಿನ್ನೆಯೇ ಸಲ್ಲಿಸಿದೆ' ಎಂದು ಕನ್ನಡಿಗ ಹೇಳಿದರೆ, ತಾನು ತಡಮಾಡಲಿಲ್ಲ, ಬೇಗನೆ ಸಲ್ಲಿಸಿದೆ ಎಂಬುದು ಅವನ ಅಭಿಪ್ರಾಯ. ಇದನ್ನು ಅವನು 'ಯೆಸ್ಟರ್‌ಡೇ ಓನ್ಲಿ' ಎಂದು ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಕಾಲವಾಚಕದ ಜೊತೆ ಬಂದ 'ಓನ್ಲಿ'ಯ ಸಾಮಾನ್ಯ ಅರ್ಥ ಇದಕ್ಕೆ ನೇರ ವಿರುದ್ಧವಾದುದು: ನಿನ್ನೆಯವರೆಗೂ ಸಲ್ಲಿಸಿರಲಿಲ್ಲ, ನಿನ್ನೆಯಷ್ಟೇ ಸಲ್ಲಿಸಿದ್ದು ಎಂದು. ಬೇಗ ಸಲ್ಲಿಸಿದೆನೆಂದು ಸಮರ್ಥಿಸಿಕೊಳ್ಳಲು ಬರೆದ ವಾಕ್ಯ ತಡವಾಗಿ ಸಲ್ಲಿಸಿದೆನೆಂಬ ತಪ್ಪೊಪ್ಪಿಗೆಯಾಗಿ ಓದಿಸಿಕೊಳ್ಳುತ್ತದೆ. ರಜೆಯ ಪತ್ರ, ಶುಲ್ಕ ಪಾವತಿಯ ವಿವರಣೆ, ಕಂಪನಿಯ ಮೇಲಧಿಕಾರಿಗೆ ಕಳಿಸುವ ಮಿಂಚಂಚೆ ಇಂಥಲ್ಲಿ ಈ ವ್ಯತ್ಯಾಸ ಕ್ಷುಲ್ಲಕವಲ್ಲ. ಬೆಂಗಳೂರಿನ ಅಧಿಕಾರಿಗೆ ಅರ್ಥವಾದದ್ದು ಲಂಡನ್ನಿನ ಅಧಿಕಾರಿಗೆ ಹಾಗೆಯೇ ಅರ್ಥವಾಗುವುದಿಲ್ಲ. ಅರ್ಥವಾಗಲಿಲ್ಲವೆಂಬುದು ಇಬ್ಬರಿಗೂ ಗೊತ್ತಾಗುವುದಿಲ್ಲ.

ಈ ವ್ಯತ್ಯಾಸವನ್ನು ಕನ್ನಡದ ಮೂಲಕವೇ ಸುಲಭವಾಗಿ ಕಲಿಸಬಹುದೆಂಬುದು ನನ್ನ ವಾದದ ಮುಖ್ಯ ಅಂಶ. 'ಬಸ್ಸು ಹತ್ತು ಗಂಟೆಗೇ ಬರುತ್ತದೆ' ಎಂಬ ವಾಕ್ಯವನ್ನೂ 'ಬಸ್ಸು ಬರುವುದೇ ಹತ್ತು ಗಂಟೆಗೆ' ಎಂಬ ವಾಕ್ಯವನ್ನೂ ಅಕ್ಕಪಕ್ಕದಲ್ಲಿಡಬೇಕು. ಮೊದಲನೆಯದನ್ನು ಕೇಳಿದವನು ಬೇಗ ಹೊರಡುತ್ತಾನೆ. ಎರಡನೆಯದನ್ನು ಕೇಳಿದವನು ನಿಧಾನವಾಗಿ ಇನ್ನೊಂದು ಲೋಟ ಕಾಫಿ ಕುಡಿಯುತ್ತಾನೆ. 'ಏ' ಕಾಲವಾಚಕದ ಮೇಲಿದ್ದಾಗ 'ಅಷ್ಟು ಬೇಗ' ಎಂಬ ಅರ್ಥ. ಅದು ಕೃದಂತದ ಮೇಲೆ ಸರಿದಾಗ 'ಅಲ್ಲಿಯವರೆಗೂ ಇಲ್ಲ' ಎಂಬ ಅರ್ಥ. ಇಂಗ್ಲಿಷಿನ 'ಓನ್ಲಿ' ಈ ಎರಡನೆಯದಕ್ಕೆ ಮಾತ್ರ ಸರಿಹೊಂದುತ್ತದೆ. ಮೊದಲನೆಯದಕ್ಕೆ 'ಆಲ್‌ರೆಡಿ', 'ಆ್ಯಸ್ ಅರ್ಲಿ ಆ್ಯಸ್' ಮೊದಲಾದವು ಬೇಕು. ಕನ್ನಡ ಬಲ್ಲ ಯಾವ ವಿದ್ಯಾರ್ಥಿಗೂ ಈ ಎರಡು ವಾಕ್ಯಗಳ ಭೇದವನ್ನು ವಿವರಿಸಬೇಕಾಗಿಲ್ಲ. ಅದು ಅವನ ರಕ್ತದಲ್ಲಿದೆ. ಅವನಿಗೆ ಬೇಕಾದದ್ದು ಆ ಭೇದದ ಕಡೆಗೆ ಬೆರಳು ತೋರಿಸುವವರು. ಸಂಜೆಯ ಸ್ಪೋಕನ್ ಇಂಗ್ಲಿಷ್ ತರಗತಿಯ ಗೋಡೆಗಳ ಮೇಲೆ 'ಇಲ್ಲಿ ಕನ್ನಡ ನಿಷೇಧ' ಎಂದು ಬರೆದಿರುತ್ತದೆ. ಕಲಿಕೆಗೆ ಅತ್ಯಂತ ಹತ್ತಿರದ ದಾರಿಯನ್ನು ಹೀಗೆ ಮುಚ್ಚಿ, ಮೂವತ್ತು ದಿನಗಳ ಸುತ್ತುದಾರಿಗೆ ಶುಲ್ಕ ಕಟ್ಟಿಸಿಕೊಳ್ಳಲಾಗುತ್ತದೆ.

ನಿಷೇಧಾರ್ಥಕ ವಾಕ್ಯಗಳದೂ ಇದೇ ಕಥೆ. 'ಅವನು ಬರಲೇ ಇಲ್ಲ' ಎಂಬುದು 'ಹಿ ಡಿಡ್ ನಾಟ್ ಕಮ್ ಓನ್ಲಿ' ಆದಾಗ, ಇಂಗ್ಲಿಷ್ ಕಿವಿ 'ನಾಟ್' ಮತ್ತು 'ಓನ್ಲಿ'ಗಳನ್ನು ಜೋಡಿಸಿಕೊಂಡು 'ಬಂದದ್ದಷ್ಟೇ ಅಲ್ಲ, ಮತ್ತೇನೋ ಮಾಡಿದ' ಎಂದು ಉಳಿದ ಭಾಗಕ್ಕಾಗಿ ಕಾಯುತ್ತದೆ. ಬಾರದಿದ್ದವನು ಬಂದಂತಾಗುತ್ತದೆ. ಷರತ್ತಿನ ವಾಕ್ಯಗಳಲ್ಲಿ 'ಓನ್ಲಿ ಇಫ್' ಎಂದರೆ ನಮ್ಮ 'ಬಂದರೆ ಮಾತ್ರ'. 'ಇಫ್ ಓನ್ಲಿ' ಎಂದರೆ 'ಬಂದಿದ್ದರೆ ಎಷ್ಟು ಚೆನ್ನಾಗಿತ್ತು' ಎಂಬ ಹಳಹಳಿಕೆ. ಎರಡು ಪದಗಳನ್ನು ಹಿಂದುಮುಂದು ಮಾಡಿದರೆ ಷರತ್ತು ಹಂಬಲವಾಗುತ್ತದೆ.

ಇಲ್ಲಿಯವರೆಗೆ ಕನ್ನಡದಿಂದ ಇಂಗ್ಲಿಷಿಗೆ ಹೋದದ್ದನ್ನು ನೋಡಿದೆವು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತಿರುವುದನ್ನೂ ನೋಡದಿದ್ದರೆ ಚರ್ಚೆ ಅರ್ಧವಾಗುತ್ತದೆ. ಕನ್ನಡ ವಿಭಾಗಗಳಿಗೆ ಇದು ಹೆಚ್ಚು ಆತಂಕ ತರಬೇಕಾದ ವಿಷಯ. 'ಓನ್ಲಿ'ಗೆ ಪ್ರತಿಯಾಗಿ ನಮ್ಮಲ್ಲಿ 'ಏ', 'ಮಾತ್ರ', 'ಅಷ್ಟೇ', 'ಬರಿಯ', 'ಕೇವಲ' ಎಂದು ಹಲವು ಸಾಧನಗಳಿವೆ. ಅವು ಪರಸ್ಪರ ಪರ್ಯಾಯಗಳಲ್ಲ. 'ಎಲ್ಲರೂ ಹೋದರು, ನಾನು ಮಾತ್ರ ಹೋಗಲಿಲ್ಲ' ಎಂಬಲ್ಲಿ 'ಮಾತ್ರ' ನನ್ನನ್ನು ಉಳಿದವರ ಎದುರು ನಿಲ್ಲಿಸುತ್ತದೆ; ಅಲ್ಲಿ 'ನಾನೇ ಹೋಗಲಿಲ್ಲ' ಎಂದರೆ ಮನಸ್ಸು ಮಾಡಲಿಲ್ಲವೆಂಬ ಬೇರೆಯ ಧ್ವನಿ ಬರುತ್ತದೆ. 'ಬರಿಯ ಅನ್ನ' ಎಂದರೆ ಸಾರಿಲ್ಲದ ಅನ್ನ. 'ಅನ್ನ ಮಾತ್ರ' ಎಂದರೆ ಮುದ್ದೆ, ಚಪಾತಿ ಯಾವುದೂ ಇಲ್ಲದ ಊಟ. 'ಕೇವಲ' ಎಂಬುದಕ್ಕಂತೂ ಕನ್ನಡದಲ್ಲಿ ಕೀಳಾಗಿ ಕಾಣುವ ಛಾಯೆಯೊಂದು ಅಂಟಿಕೊಂಡಿದೆ. ಒಬ್ಬರನ್ನು ಕೇವಲವಾಗಿ ಕಂಡರು ಎಂದರೆ ತಿರಸ್ಕರಿಸಿದರು ಎಂದೇ ಅರ್ಥ. ಹಾಗಿದ್ದೂ ಜಾಹೀರಾತಿನ ಅನುವಾದಗಳಲ್ಲಿ 'ಕೇವಲ ನಿಮಗಾಗಿ' ಎಂಬ ಮಾತು ಆದರದ ಮಾತಾಗಿ ಬಳಕೆಯಾಗುತ್ತಿದೆ. 'ನಿಮಗಾಗಿಯೇ' ಎಂಬ ಒಂದು ಪದ ಆ ಕೆಲಸವನ್ನು ಮಾಡುತ್ತಿತ್ತು. ಅಂಗಡಿಯವರು 'ಹತ್ತೇ ರೂಪಾಯಿ' ಎಂದು ಕೂಗುವಲ್ಲಿ ಮುದ್ರಿತ ಫಲಕ 'ಕೇವಲ 10 ರೂ. ಮಾತ್ರ' ಎಂದು ಎರಡೆರಡು ಬೀಗ ಹಾಕುತ್ತದೆ.

ನಮ್ಮ ಸಂಶೋಧನ ಬರೆಹಗಳೂ ಇದಕ್ಕೆ ಹೊರತಲ್ಲ. 'ಇದು ಕೇವಲ ಸಾಹಿತ್ಯಕ ಪ್ರಶ್ನೆ ಮಾತ್ರವಲ್ಲದೆ ಸಾಂಸ್ಕೃತಿಕ ಪ್ರಶ್ನೆಯೂ ಕೂಡ ಆಗಿದೆ' ಎಂಬ ಮಾದರಿಯ ವಾಕ್ಯ ಇಲ್ಲದ ಪಿಎಚ್.ಡಿ. ಮಹಾಪ್ರಬಂಧವನ್ನು ಹುಡುಕುವುದು ಕಷ್ಟ. ಇಂಗ್ಲಿಷಿನ ನುಡಿಗಟ್ಟೊಂದರ ಎರಡೂ ಕೈಕಾಲುಗಳನ್ನು ಹಾಗೆಯೇ ಎತ್ತಿ ತಂದ ವಾಕ್ಯವಿದು. 'ಕೇವಲ', 'ಮಾತ್ರ', 'ಊ', 'ಕೂಡ' ಎಂಬ ನಾಲ್ಕರಲ್ಲಿ ಎರಡು ಸಾಕಿತ್ತು. ವಿದ್ಯಾರ್ಥಿಯ 'ಓನ್ಲಿ'ಯಲ್ಲಿ ಕನ್ನಡದ ನಿಯಮವಾದರೂ ಉಸಿರಾಡುತ್ತಿದೆ. ವಿದ್ವಾಂಸರ ಈ ವಾಕ್ಯದಲ್ಲಿ ಯಾವ ಭಾಷೆಯ ನಿಯಮವಿದೆಯೆಂದು ಹೇಳುವುದು ಕಷ್ಟ. ಆದರೆ ತಪ್ಪುಗಳ ಪಟ್ಟಿ ಸಿದ್ಧವಾಗುವುದು ಮೊದಲಿನವನಿಗಾಗಿ ಮಾತ್ರ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಬಟ್ ಅವರು ವಾದಿಸಿದಾಗ, ಚರ್ಚೆಯ ಬಹುಭಾಗ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕುರಿತು ನಡೆಯಿತು. ಕನ್ನಡಿಗರಿಗಾಗಿ ಕನ್ನಡದ ನೆಲೆಯಿಂದ ಬರೆದ ಇಂಗ್ಲಿಷ್ ವ್ಯಾಕರಣವೂ ಅದೇ ಚಿಂತನೆಯ ಮುಂದುವರಿಕೆಯಾಗಬಲ್ಲದು. 1820ರಲ್ಲಿ ಮೆಕ್‌ಕೆರೆಲ್ ಎಂಬ ಕಂಪನಿಯ ಅಧಿಕಾರಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದದ್ದು, 1903ರಲ್ಲಿ ಕಿಟ್ಟೆಲ್ ಅದೇ ಕೆಲಸವನ್ನು ಹೆಚ್ಚು ವಿಸ್ತಾರವಾಗಿ ಮಾಡಿದ್ದು ಇಂಗ್ಲಿಷ್ ಓದಬಲ್ಲವರು ತಾವು ಬಲ್ಲ ಭಾಷೆಯ ಮೂಲಕ ಕನ್ನಡವನ್ನು ತಿಳಿಯಲು ಅನುಕೂಲವಾಯಿತು. ಬಲ್ಲ ಭಾಷೆಯಿಂದ ಬಾರದ ಭಾಷೆಗೆ ಹೋಗುವ ಈ ಸೌಕರ್ಯವನ್ನು ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿಗೆ ನಿರಾಕರಿಸುವುದಕ್ಕೆ ಶೈಕ್ಷಣಿಕವಾದ ಕಾರಣ ಯಾವುದೂ ನನಗೆ ಕಾಣುವುದಿಲ್ಲ.

ಪದವಿ ತರಗತಿಗಳ ಭಾಷಾ ಕನ್ನಡದಲ್ಲಿ ಅವ್ಯಯಗಳನ್ನು ಕಲಿಸುವಾಗಲೇ ಇದನ್ನು ಆರಂಭಿಸಬಹುದು. ಪ್ರತ್ಯೇಕ ಪತ್ರಿಕೆಯೋ ಅನುದಾನವೋ ಬೇಕಿಲ್ಲ. ವಿದ್ಯಾರ್ಥಿಗಳು ತಾವು ಬರೆದ ಹತ್ತು ಇಂಗ್ಲಿಷ್ ವಾಕ್ಯಗಳನ್ನು ತರಲಿ, ಅಧ್ಯಾಪಕರು ಅವುಗಳ ಹಿಂದಿರುವ ಕನ್ನಡ ವಾಕ್ಯವನ್ನು ಅವರ ಬಾಯಿಂದಲೇ ಹೇಳಿಸಲಿ. 'ಏ'ಯ ಅನಂತರ 'ಊ'ವಿನ ಸರದಿ ಬರುತ್ತದೆ. 'ನಾನೂ ಬಂದೆ', 'ಮಳೆಯೂ ಬಂತು', 'ಒಂದು ಮಾತೂ ಆಡಲಿಲ್ಲ', 'ಹೇಳಿಯೂ ಕೇಳಲಿಲ್ಲ' ಎಂಬ ನಾಲ್ಕು 'ಊ'ಗಳಿಗೆ ಇಂಗ್ಲಿಷ್ ನಾಲ್ಕು ಬೇರೆ ಬೇರೆ ಉತ್ತರಗಳನ್ನು ಕೊಡುತ್ತದೆ. ನಮ್ಮ ವಿದ್ಯಾರ್ಥಿಯ ಬಳಿ ಸದ್ಯಕ್ಕೆ ಇರುವುದು 'ಆಲ್ಸೋ' ಒಂದೇ.